ಪರೀಕ್ಷೆಯ ಹಾರಾಟ: ಆ ಗಂಟೆ ಯಾರ ಲಾಗ್‌ಬುಕ್ಕಿಗೆ?

(ಶಿವಮೊಗ್ಗದಲ್ಲಿ ನಿವೃತ್ತ ಏರ್‌ಲೈನ್ ಕ್ಯಾಪ್ಟನ್ ಒಬ್ಬರು ಮಾಡಿದ ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲಿ ಇಷ್ಟು ಜನ ಬರುತ್ತೀರಿ ಅಂತ ಎಣಿಸಿರಲಿಲ್ಲ. ತೀರ್ಥಹಳ್ಳಿ, ಹೊಸನಗರ ಕಡೆಯಿಂದ ಬಂದವರೂ ಇದ್ದೀರಂತೆ. ರಾತ್ರಿ ವಾಪಸ್ ಹೋಗಬೇಕಲ್ಲ, ಹಾಗಾಗಿ ಪೀಠಿಕೆ ಎಳೆಯುವುದಿಲ್ಲ.

ಸೋಗಾನೆಯ ಕುವೆಂಪು ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆ ಆಯಿತು. ಅದೇ ವರ್ಷ ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕರ ವಿಮಾನ ಬಂತು. ಅಲ್ಲಿಂದೀಚೆಗೆ ಊರಿನವರು ನನಗೆ ಕೇಳುವ ಪ್ರಶ್ನೆಗಳೇ ಬದಲಾಗಿವೆ. ಮುಂಚೆ "ಮೇಲೆ ಹೋದಾಗ ಹೆದರಿಕೆ ಆಗಲ್ವಾ" ಅಂತಿದ್ದರು. ಈಗ "ಮಗಳು ಪೈಲಟ್ ಆಗ್ತೀನಿ ಅಂತಾಳೆ, ಎಷ್ಟು ಗಂಟೆ ಹಾರಬೇಕು" ಅಂತಾರೆ. ಮೊದಲು ಖರ್ಚು ಕೇಳುತ್ತಾರೆ, ಆಮೇಲೆ ಗಂಟೆ. ಎರಡೂ ಒಂದೇ ಪ್ರಶ್ನೆ ಅನ್ನಿ, ಯಾಕೆಂದರೆ ತರಬೇತಿಯಲ್ಲಿ ದುಡ್ಡು ಖರ್ಚಾಗುವುದೇ ಗಂಟೆಯ ಲೆಕ್ಕದಲ್ಲಿ.

ಇವತ್ತಿನ ಮಾತು ಆ ಗಂಟೆಯ ಬಗ್ಗೆ. ಅದರಲ್ಲೂ ಒಂದು ಸಣ್ಣ ಮೂಲೆಯ ಬಗ್ಗೆ. ಏರ್‌ಲೈನ್‌ಗಳಲ್ಲಿ ಪೈಲಟ್‌ಗಳನ್ನು ಪರೀಕ್ಷೆ ಮಾಡುವ ಹಿರಿಯ ಪೈಲಟ್‌ಗಳಿರುತ್ತಾರೆ. ಅವರನ್ನು ಚೆಕ್ ಪೈಲಟ್ ಅನ್ನುತ್ತೇವೆ. ಒಬ್ಬ ಪೈಲಟ್ ವಿಮಾನ ಹಾರಿಸುತ್ತಿದ್ದಾನೆ, ಚೆಕ್ ಪೈಲಟ್ ಪಕ್ಕದಲ್ಲೋ ಹಿಂದೆಯೋ ಕೂತು ನೋಡುತ್ತಿದ್ದಾನೆ. ವಿಮಾನ ಇಳಿಯಿತು. ಆ ಒಂದು ಗಂಟೆಯನ್ನು ಯಾರು ತಮ್ಮ ಲೆಕ್ಕಕ್ಕೆ ಬರೆದುಕೊಳ್ಳಬೇಕು? ಹಾರಿಸಿದವನೋ, ನೋಡಿದವನೋ, ಇಬ್ಬರೂನೋ?

ಸುಮ್ನೆ ಗುಮಾಸ್ತಿಕೆಯ ಪ್ರಶ್ನೆ ಅಂತ ಅನ್ನಿಸಬಹುದು. ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ವಿಮಾನದಲ್ಲಿ ಹೊಣೆ ಯಾರ ಹೆಗಲ ಮೇಲಿದೆ ಅನ್ನುವಲ್ಲಿಗೆ ಬಂದು ನಿಲ್ಲುತ್ತೀರಿ.

ಮೊದಲು ಲಾಗ್‌ಬುಕ್ ಅಂದರೇನು ಅಂತ ನೋಡೋಣ. ನಮ್ಮ ದೇಶದ 1937ರ ವಿಮಾನ ನಿಯಮಗಳ ಪ್ರಕಾರ ಪ್ರತಿ ಪೈಲಟ್ ತನ್ನ ಹಾರಾಟದ ಲೆಕ್ಕ ಇಡಲೇಬೇಕು. ಕಮರ್ಷಿಯಲ್ ಲೈಸೆನ್ಸಿಗೆ ಕನಿಷ್ಠ 200 ಗಂಟೆ. ಏರ್‌ಲೈನ್‌ನಲ್ಲಿ ಕ್ಯಾಪ್ಟನ್ ಆಗಲು ಬೇಕಾದ ದೊಡ್ಡ ಲೈಸೆನ್ಸಿಗೆ 1500 ಗಂಟೆ. ಬರೀ ಒಟ್ಟು ಮೊತ್ತ ಇದ್ದರೆ ಸಾಲದು. ಯಾವ ಗಂಟೆಯಲ್ಲಿ ನೀವು ಏನಾಗಿದ್ದಿರಿ ಅನ್ನುವುದಕ್ಕೆ ಬೇರೆ ಬೇರೆ ಕಾಲಂ ಇರುತ್ತದೆ. ನೀವೇ ಕಮಾಂಡರ್, ಅಂದರೆ ಆ ಹಾರಾಟದ ಹೊಣೆ ಹೊತ್ತವರು ಆಗಿದ್ದರೆ ಪಿ-1. ಕೋ-ಪೈಲಟ್ ಆಗಿದ್ದರೆ ಪಿ-2. ಗುರುವಿನ ಜೊತೆ ಕಲಿಯುತ್ತಿದ್ದರೆ ಡ್ಯುಯಲ್. ಇವುಗಳ ಮಧ್ಯೆ ಇನ್ನೊಂದಿದೆ, ಪಿ-1 ಅಂಡರ್ ಸೂಪರ್‌ವಿಷನ್. ಅಂದರೆ ಕಮಾಂಡರ್ ಮಾಡುವ ಎಲ್ಲ ಕೆಲಸವನ್ನೂ ನೀವು ಮಾಡಿದ್ದೀರಿ, ಆದರೆ ಪಕ್ಕದಲ್ಲಿ ನಿಜವಾದ ಕಮಾಂಡರ್ ಕೂತು ನೋಡಿಕೊಳ್ಳುತ್ತಿದ್ದರು.

ಈ ಕಾಲಂ ಎಷ್ಟು ಬೆಲೆಯದು ಅಂದರೆ, ಅಂತರರಾಷ್ಟ್ರೀಯ ಮಾನದಂಡವೇ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. 1500ರ ಲೈಸೆನ್ಸಿಗೆ ಅದರೊಳಗೆ 500 ಗಂಟೆ ಹೀಗೆ ಮೇಲ್ವಿಚಾರಣೆಯಲ್ಲಿ ಕಮಾಂಡರ್ ಆಗಿ ಹಾರಿರಬೇಕು. ಇಲ್ಲವೇ 250 ಗಂಟೆ ಸ್ವಂತ ಕಮಾಂಡ್ ಇರಬೇಕು. ಆ 250ರಲ್ಲೂ 70 ಗಂಟೆ ಸ್ವಂತದ್ದಿದ್ದು ಉಳಿದದ್ದು ಮೇಲ್ವಿಚಾರಣೆಯದಾದರೆ ಆಗುತ್ತದೆ. ಹಾಗಾಗಿ ಒಂದು ಗಂಟೆ ಯಾವ ಕಾಲಂಗೆ ಹೋಗುತ್ತದೆ ಅನ್ನುವುದರ ಮೇಲೆ ಒಬ್ಬ ಹುಡುಗನ ಬಡ್ತಿ ನಿಂತಿರುತ್ತದೆ.

ಗಂಟೆ ಎಲ್ಲಿಂದ ಎಲ್ಲಿಗೆ? ಚಕ್ರ ನೆಲ ಬಿಟ್ಟಲ್ಲಿಂದ ನೆಲ ಮುಟ್ಟುವವರೆಗೆ ಅಂತ ಎಷ್ಟೋ ಜನ ಅಂದುಕೊಂಡಿರುತ್ತಾರೆ. ಹಾಗಲ್ಲ. ಹಾರುವ ಉದ್ದೇಶದಿಂದ ವಿಮಾನ ಮೊದಲು ಅಲುಗಿದ ಗಳಿಗೆಯಿಂದ, ಹಾರಾಟ ಮುಗಿಸಿ ಪೂರ್ತಿ ನಿಲ್ಲುವ ಗಳಿಗೆಯವರೆಗೆ. ಚಕ್ರಕ್ಕೆ ಕೊಡುವ ಅಡ್ಡಗಟ್ಟೆಗೆ ಚಾಕ್ ಅನ್ನುತ್ತೇವೆ, ಹಾಗಾಗಿ ನಮ್ಮ ಬಾಯಲ್ಲಿ ಇದು ಚಾಕ್ಸ್ ಆಫ್, ಚಾಕ್ಸ್ ಆನ್. ಒಂದು ಲೆಕ್ಕ ಹಾಕೋಣ. ಬೆಂಗಳೂರಿನಲ್ಲಿ ಬೆಳಿಗ್ಗೆ 9:50ಕ್ಕೆ ವಿಮಾನ ಕದಲಿತು ಅನ್ನಿ. 10:05ಕ್ಕೆ ಮೇಲೆದ್ದು, 10:50ಕ್ಕೆ ಸೋಗಾನೆ ರನ್‌ವೇ ಮುಟ್ಟಿ, 10:55ಕ್ಕೆ ನಿಂತಿತು. ಗಾಳಿಯಲ್ಲಿ ಇದ್ದದ್ದು 45 ನಿಮಿಷ. ಲಾಗ್‌ಬುಕ್ಕಿಗೆ ಹೋಗುವುದು 1 ಗಂಟೆ 5 ನಿಮಿಷ. ಬರೆಯುವುದೂ ನಮ್ಮ ಗಡಿಯಾರದ ಸಮಯವನ್ನಲ್ಲ, ಜಗತ್ತಿಗೆಲ್ಲ ಒಂದೇ ಆದ ಯುಟಿಸಿ ಸಮಯವನ್ನು. 9:50 ಅನ್ನುವುದು ಅಲ್ಲಿ 4:20 ಆಗುತ್ತದೆ.

ಇನ್ನು ಮಳೆಗಾಲದಲ್ಲಿ ಮೋಡ ಕೆಳಗಿಳಿದು, ಸೋಗಾನೆ ಮೇಲೆ ನಾಲ್ಕು ಸುತ್ತು ಹೊಡೆದು, ಇಳಿಯಲಾಗದೆ ವಿಮಾನ ಬೆಂಗಳೂರಿಗೆ ವಾಪಸ್ ಹೋಯಿತು ಅನ್ನಿ. ನಿಮ್ಮ ಪಾಲಿಗೆ ದಿನ ಹಾಳು. ಪೈಲಟ್ ಪಾಲಿಗೆ ಗಂಟೆ ಎಲ್ಲವೂ ಲೆಕ್ಕಕ್ಕಿದೆ. (ನಗು)

ಚೆಕ್ ಪೈಲಟ್ ವಿಷಯಕ್ಕೆ ಬರುತ್ತೇನೆ. ಏರ್‌ಲೈನ್ ಪೈಲಟ್‌ನ ಪರೀಕ್ಷೆ ಲೈಸೆನ್ಸ್ ಸಿಕ್ಕ ದಿನಕ್ಕೆ ಮುಗಿಯುವುದಿಲ್ಲ, ನಿವೃತ್ತಿಯವರೆಗೂ ಇರುತ್ತದೆ. ಆರು ತಿಂಗಳಿಗೊಮ್ಮೆ ಸಿಮ್ಯುಲೇಟರ್‌ನಲ್ಲಿ, ಅಂದರೆ ನೆಲದ ಮೇಲೇ ಇರುವ ಕೃತಕ ಕಾಕ್‌ಪಿಟ್‌ನಲ್ಲಿ, ಪರೀಕ್ಷೆ. ಇಂಜಿನ್ ಕೆಟ್ಟರೆ, ಬೆಂಕಿ ಹೊತ್ತಿಕೊಂಡರೆ, ಮಂಜಿನಲ್ಲಿ ಇಳಿಯಬೇಕಾದರೆ ಏನು ಮಾಡುತ್ತೀರಿ ಅಂತ ಅಲ್ಲಿ ನೋಡುತ್ತಾರೆ. ಇದರ ಜೊತೆಗೆ ಪ್ರಯಾಣಿಕರಿರುವ ಮಾಮೂಲಿ ಹಾರಾಟದಲ್ಲೇ ಲೈನ್ ಚೆಕ್ ಇರುತ್ತದೆ. ಹೊಸಬರಿಗೆ, ಬಡ್ತಿ ಪಡೆಯುವವರಿಗೆ ಲೈನ್ ಟ್ರೇನಿಂಗ್. ಅಂದರೆ ನೀವು ಶಿವಮೊಗ್ಗದ ವಿಮಾನದಲ್ಲಿ ಕಿಟಕಿಯಿಂದ ತೋಟ, ಗುಡ್ಡ ನೋಡುತ್ತಾ ಕೂತಿರುವಾಗ ಮುಂದೆ ಕಾಕ್‌ಪಿಟ್‌ನಲ್ಲಿ ಯಾರದೋ ಪರೀಕ್ಷೆ ನಡೆಯುತ್ತಿರಬಹುದು. ಗಾಬರಿ ಬೇಡ. ಅಂಥ ದಿನ ಮುಂದೆ ಅನುಭವ ಜಾಸ್ತಿಯೇ ಇರುತ್ತದೆ.

ಸಿಮ್ಯುಲೇಟರ್ ಲೆಕ್ಕ ಒಂದೇ ಮಾತಿನಲ್ಲಿ ಮುಗಿಯುತ್ತದೆ. ಅದು ಹಾರಾಟ ಅಲ್ಲ, ಹಾಗಾಗಿ ಹಾರಾಟದ ಗಂಟೆಯೂ ಅಲ್ಲ. ಪರೀಕ್ಷೆ ಕೊಟ್ಟವನಿಗೂ ಇಲ್ಲ, ಪರೀಕ್ಷೆ ಮಾಡಿದವನಿಗೂ ಇಲ್ಲ. ಸಿಮ್ಯುಲೇಟರ್ ಅಂತಲೇ ಬೇರೆ ಬರೆದಿಡುತ್ತಾರೆ. ಆ ಕತ್ತಲೆ ಡಬ್ಬಿಯೊಳಗೆ ನಾಲ್ಕು ಗಂಟೆ ಕೂತು ಒಬ್ಬನ ಇಂಜಿನ್ ಮತ್ತೆ ಮತ್ತೆ ಕೆಡಿಸಿದ ಚೆಕ್ ಪೈಲಟ್‌ಗೆ ಅವತ್ತು ಡ್ಯೂಟಿ ಲೆಕ್ಕ ಇದೆ, ಹಾರಾಟದ ಲೆಕ್ಕ ಸೊನ್ನೆ.

ತಲೆ ಕೆಡುವುದು ನಿಜವಾದ ವಿಮಾನದಲ್ಲಿ. ಡ್ರೈವಿಂಗ್ ಲೈಸೆನ್ಸಿಗೆ ಹೋದಾಗ ಬ್ರೇಕ್ ಇನ್‌ಸ್ಪೆಕ್ಟರ್ ಪಕ್ಕದಲ್ಲಿ ಕೂರುತ್ತಾರಲ್ಲ, ಅವರಿಗೂ ಚೆಕ್ ಪೈಲಟ್‌ಗೂ ಏನು ವ್ಯತ್ಯಾಸ ಅಂತ ಒಬ್ಬರು ಕೇಳಿದ್ದರು. ಒಳ್ಳೆಯ ಪ್ರಶ್ನೆ. ಬ್ರೇಕ್ ಇನ್‌ಸ್ಪೆಕ್ಟರ್ ಮುಂದೆ ಸ್ಟಿಯರಿಂಗ್ ಇಲ್ಲ. ನೀವು ಹೋಗಿ ಕಂಬಕ್ಕೆ ಗುದ್ದಿದರೆ ಗುದ್ದಿದವರು ನೀವೇ. ವಿಮಾನದಲ್ಲಿ ಎರಡೂ ಸೀಟಿನ ಮುಂದೆ ಪೂರ್ತಿ ಕಂಟ್ರೋಲ್ ಇರುತ್ತದೆ. ಚೆಕ್ ಪೈಲಟ್ ಆ ಎರಡರಲ್ಲಿ ಒಂದರಲ್ಲಿ ಕೂತರೆ ಅವನು ವಿಮಾನದ ಸಿಬ್ಬಂದಿ. ನೋಡುವವನೂ ಹೌದು, ಹಾರಿಸುವವನೂ ಹೌದು. ಹೆಚ್ಚಿನ ಸಲ ಹೊಣೆ ಹೊತ್ತವನೂ ಅವನೇ.

ಸಾಮಾನ್ಯವಾಗಿ ಕ್ಯಾಪ್ಟನ್ ಎಡಗಡೆ, ಕೋ-ಪೈಲಟ್ ಬಲಗಡೆ. ಈಗ ಒಬ್ಬ ಕೋ-ಪೈಲಟ್‌ಗೆ ಕ್ಯಾಪ್ಟನ್ ಆಗುವ ಸರದಿ ಬಂತು ಅನ್ನಿ. ಅವನು ಎಡಗಡೆ ಕೂರುತ್ತಾನೆ. ಚೆಕ್ ಪೈಲಟ್ ಬಲಗಡೆ ಕೂರುತ್ತಾನೆ. ಪ್ರಯಾಣಿಕರಿಗೆ ಮೈಕಿನಲ್ಲಿ ನಮಸ್ಕಾರ ಹೇಳುವುದು, ಇಂಧನ ಎಷ್ಟು ಹಾಕಿಸಬೇಕು ಅಂತ ತೀರ್ಮಾನಿಸುವುದು, ಹಾರಿಸುವುದು, ಇಳಿಸುವುದು ಎಲ್ಲ ಎಡಗಡೆಯವನದು. ನೋಡಿದವರು ಅವನೇ ಕ್ಯಾಪ್ಟನ್ ಅನ್ನುತ್ತಾರೆ. ಆದರೆ ಕಾಗದದಲ್ಲಿ ಕಮಾಂಡರ್ ಅಂತ ಬರೆದಿರುವುದು ಬಲಗಡೆಯವನ ಹೆಸರು. ವಿಮಾನವನ್ನು ವಹಿಸಿಕೊಂಡು ಸಹಿ ಹಾಕಿದವನೂ ಅವನೇ. ಹಾಗಾಗಿ ಅವನ ಲಾಗ್‌ಬುಕ್ಕಿನಲ್ಲಿ ಆ ಗಂಟೆ ಪಿ-1. ಕೈ ಕಂಟ್ರೋಲ್ ಮೇಲೆ ಒಂದು ನಿಮಿಷವೂ ಇರದಿದ್ದರೂ ಪಿ-1. ಎಡಗಡೆಯವನಿಗೆ ಪಿ-1 ಅಂಡರ್ ಸೂಪರ್‌ವಿಷನ್, ಅದೂ ಬಲಗಡೆಯವನು ಸಹಿ ಹಾಕಿ ಒಪ್ಪಿದರೆ.

ಇದು ಬರೀ ಕಾಗದದ ಮಾತಲ್ಲ ಅನ್ನುವುದಕ್ಕೆ ಎರಡು ಘಟನೆ ಹೇಳುತ್ತೇನೆ. ಮೊದಲನೆಯದು ನಮ್ಮ ಬೆಂಗಳೂರಿನದೇ. ಇಲ್ಲಿರುವ ಹಿರಿಯರಿಗೆ ನೆನಪಿರಬಹುದು. 1990ರ ಫೆಬ್ರವರಿ 14. ಇಂಡಿಯನ್ ಏರ್‌ಲೈನ್ಸ್ ವಿಮಾನ, ಸಂಖ್ಯೆ 605, ಮುಂಬೈನಿಂದ ಬರುತ್ತಿತ್ತು. ಏರ್‌ಬಸ್ ಎ-320 ಅನ್ನುವ ಮಾದರಿ ನಮ್ಮ ದೇಶಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಎಡಗಡೆ ಕೂತ ಪೈಲಟ್ ಕಮಾಂಡ್ ಪಡೆಯಲು ಚೆಕ್‌ನಲ್ಲಿದ್ದರು. ಬಲಗಡೆ ಚೆಕ್ ಪೈಲಟ್. ಎಚ್ಎಎಲ್ ನಿಲ್ದಾಣಕ್ಕೆ ಇಳಿಯುವಾಗ ಇಂಜಿನ್‌ಗಳು ಐಡಲ್‌ನಲ್ಲೇ, ಅಂದರೆ ತೀರಾ ಕಡಿಮೆ ಶಕ್ತಿಯಲ್ಲೇ ಉಳಿದವು. ವೇಗ ಇಳಿಯುತ್ತಾ ಹೋಯಿತು. ಇಬ್ಬರಿಗೂ ಅದರ ಅರಿವಾಗುವ ಹೊತ್ತಿಗೆ ತಡವಾಗಿತ್ತು. ವಿಮಾನ ರನ್‌ವೇ ತಲುಪದೆ ಮುಂಚೆಯೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿಯಿತು. ಒಳಗಿದ್ದ 146 ಜನರಲ್ಲಿ 92 ಮಂದಿ ತೀರಿಕೊಂಡರು.

ಎರಡನೆಯದು 2013ರ ಜುಲೈ 6ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಕೊರಿಯಾದ ಏಷಿಯಾನಾ ಏರ್‌ಲೈನ್ಸ್‌ನ ಬೋಯಿಂಗ್ 777. ಎಡಗಡೆ ಕೂತು ಹಾರಿಸುತ್ತಿದ್ದವರು ಸುಮಾರು 9,700 ಗಂಟೆ ಹಾರಿದ್ದವರು. ಆದರೆ ಈ ಮಾದರಿಯಲ್ಲಿ ಅವರಿಗೆ ಇದ್ದದ್ದು 50 ಗಂಟೆಗೂ ಕಡಿಮೆ. ಬಲಗಡೆ ಕೂತ ತರಬೇತುದಾರರಿಗೆ ತರಬೇತುದಾರರಾಗಿ ಅದೇ ಮೊದಲ ಹಾರಾಟ. ಅಲ್ಲೂ ವೇಗ ಇಳಿಯಿತು, ಅಲ್ಲೂ ಗಮನಿಸುವುದು ತಡವಾಯಿತು. ವಿಮಾನ ರನ್‌ವೇ ಅಂಚಿನ ಗೋಡೆಗೆ ತಾಗಿತು. ಮೂವರು ಸತ್ತರು. ತನಿಖೆಯ ದಾಖಲೆಯಲ್ಲಿ ಪೈಲಟ್ ಇನ್ ಕಮಾಂಡ್, ಅಂದರೆ ಕಮಾಂಡರ್, ಯಾರು ಅಂತ ನೋಡಿದರೆ ಬಲಗಡೆಯವರೇ.

ನಾನು ಯಾರ ಮೇಲೂ ತಪ್ಪು ಹೊರಿಸಲು ಇದನ್ನು ಹೇಳುತ್ತಿಲ್ಲ. ಬಲಗಡೆಯ ಸೀಟು ಎಷ್ಟು ಕಷ್ಟದ್ದು ಅಂತ ಗೊತ್ತಾಗಲಿ ಅಂತ. ಅವನು ಹಾರಿಸುವಂತಿಲ್ಲ, ಹಾರಿಸಿದರೆ ಪರೀಕ್ಷೆ ಕೆಡುತ್ತದೆ. ಬಾಯಿ ಹಾಕುವಂತಿಲ್ಲ, ಹಾಕಿದರೆ ಎದುರಿನವನಿಗೆ ಗೊತ್ತಿತ್ತೋ ಇಲ್ಲವೋ ತಿಳಿಯುವುದಿಲ್ಲ. ಎಷ್ಟು ಹೊತ್ತು ಸುಮ್ಮನಿರಬಹುದು ಅನ್ನುವುದೇ ಅವನ ಕಸುಬು. ತಾನೇ ಹಾರಿಸುವ ಗಂಟೆಗಿಂತ ಇದು ಜಾಸ್ತಿ ದಣಿವು ತರುತ್ತದೆ, ಇದನ್ನು ನಾನು ಅನುಭವದಿಂದಲೇ ಹೇಳುತ್ತೇನೆ. ಲಾಗ್‌ಬುಕ್ಕಿನಲ್ಲಿ ಮಾತ್ರ ಎರಡೂ ಒಂದೇ. ಪಿ-1, ಒಂದು ಗಂಟೆ ಐದು ನಿಮಿಷ. ಷರಾ ಕಾಲಂನಲ್ಲಿ ಚೆಕ್ ಅಂತ ಒಂದು ಪದ ಬರೆದರೆ ಅದೇ ಹೆಚ್ಚು.

ಅಮೆರಿಕದಲ್ಲಿ ಬೇರೆಯೇ ಕಥೆ. ಕಮಾಂಡರ್ ಆಗಿರುವುದು ಒಂದು, ಕಮಾಂಡರ್ ಗಂಟೆ ಅಂತ ಬರೆದುಕೊಳ್ಳುವುದು ಇನ್ನೊಂದು, ಅಂತ ಅವರ ನಿಯಮ ಎರಡನ್ನೂ ಬಿಡಿಸಿ ಇಟ್ಟಿದೆ. ಅಲ್ಲಿನ 61.51 ಅನ್ನುವ ನಿಯಮದ ಪ್ರಕಾರ, ಆ ವಿಮಾನಕ್ಕೆ ಅರ್ಹತೆ ಇರುವ ಪೈಲಟ್ ತಾನೊಬ್ಬನೇ ಕಂಟ್ರೋಲ್ ಹಿಡಿದಿದ್ದ ಹೊತ್ತನ್ನು ಕಮಾಂಡ್ ಗಂಟೆ ಅಂತ ಬರೆಯಬಹುದು. ಪಕ್ಕದಲ್ಲಿ ಹೊಣೆ ಹೊತ್ತ ನಿಜವಾದ ಕಮಾಂಡರ್ ಇದ್ದರೂ ಬರೆಯಬಹುದು. ಆ ಕಮಾಂಡರ್ ಕೂಡ ಅದೇ ಗಂಟೆಯನ್ನು ಬರೆಯಬಹುದು. ಒಂದು ವಿಮಾನ, ಒಂದು ಗಂಟೆ, ಎರಡು ಕಮಾಂಡ್ ಗಂಟೆ! ನಮ್ಮಲ್ಲಿ ಹೀಗೆ ಆಗುವುದಿಲ್ಲ. ಒಂದು ಹಾರಾಟಕ್ಕೆ ಒಂದೇ ಪಿ-1, ಇನ್ನೊಬ್ಬನು ಪಿ-2 ಅಥವಾ ಅಂಡರ್ ಸೂಪರ್‌ವಿಷನ್.

ಅವರು ಹೀಗೆ ಮಾಡಿರುವುದಕ್ಕೂ ಕಾರಣ ಇದೆ. ಮುಂದಿನ ಲೈಸೆನ್ಸಿಗೆ ಬೇಕಾದ ಅನುಭವ ಇವನಿಗೆ ಇದೆಯೋ ಅಂತ ತಿಳಿಯುವುದಕ್ಕೆ ಗಂಟೆಯನ್ನು ಎಣಿಸುತ್ತಾರೆ. ಕೈಯಾರೆ ಹಾರಿಸಿದ್ದಾನೆ ಅಂದ ಮೇಲೆ ಅನುಭವ ಬಂತು ತಾನೇ, ಅನ್ನುವುದು ಅವರ ವಾದ. ನನಗೆ ಇದು ಅಷ್ಟು ಸರಿ ಕಾಣುವುದಿಲ್ಲ. ಕೈಯ ಅನುಭವ ಬೇರೆ, ಹೊಣೆಯ ಅನುಭವ ಬೇರೆ. ಅಲ್ಲಿನ ಏರ್‌ಲೈನ್‌ಗಳಿಗೂ ಹಾಗೇ ಅನ್ನಿಸಿರಬೇಕು. ಕೆಲಸದ ಅರ್ಜಿಯಲ್ಲಿ "ಕಮಾಂಡ್ ಗಂಟೆ ಅಂದರೆ ನೀವು ಹೊಣೆ ಹೊತ್ತ ಗಂಟೆ ಮಾತ್ರ" ಅಂತ ಬಿಡಿಸಿ ಕೇಳುವ ಏರ್‌ಲೈನ್‌ಗಳು ಅಲ್ಲಿವೆ. ಸರ್ಕಾರ ಒಪ್ಪಿದ ಲೆಕ್ಕವನ್ನು ಕೆಲಸ ಕೊಡುವವರು ಒಪ್ಪುವುದಿಲ್ಲ. ಹಾಗಾಗಿ ಅಲ್ಲಿನ ಪೈಲಟ್‌ಗಳು ಎರಡು ಬಗೆಯ ಲೆಕ್ಕ ಇಡುತ್ತಾರೆ.

ಲೈಸೆನ್ಸ್ ಕೊಡುವ ಪರೀಕ್ಷೆಯಲ್ಲಿ ಅಮೆರಿಕದವರು ಇನ್ನೊಂದು ಮಾತು ಸೇರಿಸಿದ್ದಾರೆ. ಪರೀಕ್ಷಕ ತಾನಾಗಿ ಒಪ್ಪಿಕೊಳ್ಳದ ಹೊರತು ಅವನು ಆ ವಿಮಾನದ ಕಮಾಂಡರ್ ಅಲ್ಲ. ಅಂದರೆ ಸಣ್ಣ ವಿಮಾನದಲ್ಲಿ ಪರೀಕ್ಷೆ ಕೊಡುವ ಹುಡುಗನೇ ಕಮಾಂಡರ್, ಪರೀಕ್ಷಕ ನೋಡುವವನು ಮಾತ್ರ. ನಿಮ್ಮ ಬ್ರೇಕ್ ಇನ್‌ಸ್ಪೆಕ್ಟರ್ ಸಿಕ್ಕಿದರು ನೋಡಿ. ಅದೇ ದೇಶದಲ್ಲಿ, ಏರ್‌ಲೈನ್‌ನಲ್ಲಿ ಹೊಸದಾಗಿ ಕ್ಯಾಪ್ಟನ್ ಆಗುವವನನ್ನು ಹಾರಿಸುತ್ತಾ ಕಲಿಸುವಾಗ ಚೆಕ್ ಪೈಲಟ್ಟೇ ಕಮಾಂಡರ್.

ಇಲ್ಲೊಂದು ಸ್ವಾರಸ್ಯ ಇದೆ. ಕಾಕ್‌ಪಿಟ್‌ನಲ್ಲಿ ಎರಡು ಸೀಟಿನ ಹಿಂದೆ ಮಡಚುವ ಇನ್ನೊಂದು ಸೀಟು ಇರುತ್ತದೆ. ಜಂಪ್ ಸೀಟ್ ಅನ್ನುತ್ತೇವೆ, ನಿಯಮದಲ್ಲಿ ಅಬ್ಸರ್ವರ್ ಸೀಟು. ಅಲ್ಲಿ ಕೂತವನ ಮುಂದೆ ಕಂಟ್ರೋಲ್ ಇಲ್ಲ. ಒಂದು ಮಾದರಿಯಲ್ಲಿ ಈಗಾಗಲೇ ಕ್ಯಾಪ್ಟನ್ ಆಗಿದ್ದು ಇನ್ನೊಂದು ಮಾದರಿಗೆ ಬದಲಾಗುತ್ತಿರುವ ಪೈಲಟ್ ಇದ್ದಾನೆ ಅನ್ನಿ. ಅವನು ಹೊಸ ಮಾದರಿಯಲ್ಲಿ ಕನಿಷ್ಠ ಎರಡು ಸಲ ಹಾರಿಸಿ ಇಳಿಸಿ, ತನಗೆ ಬರುತ್ತದೆ ಅಂತ ತೋರಿಸಿದ್ದರೆ, ಚೆಕ್ ಪೈಲಟ್ ಆಮೇಲೆ ಹಿಂದಿನ ಸೀಟಿಗೆ ಹೋಗಬಹುದು ಅಂತ ಅಮೆರಿಕದ 121.434ನೇ ನಿಯಮ ಹೇಳುತ್ತದೆ. ಹಿಂದೆ ಹೋದ ಮೇಲೂ ಕಮಾಂಡರ್ ಅವನೇ! ಕಂಟ್ರೋಲ್ ಕೈಗೆಟುಕದ ಜಾಗದಲ್ಲಿ ಕೂತು ಇಡೀ ವಿಮಾನದ ಹೊಣೆ. ಹೊಣೆ ಅವನದ್ದಾದ್ದರಿಂದ ಗಂಟೆಯೂ ಅವನಿಗೆ ಸಿಗುತ್ತದೆ. ಇದನ್ನು ಮೊದಲು ಓದಿದಾಗ ನಾನು ಎರಡು ಸಲ ಓದಿದೆ.

ಮಾಮೂಲಿ ಲೈನ್ ಚೆಕ್ ಇದಕ್ಕೆ ಪೂರ್ತಿ ಉಲ್ಟಾ. ಆಗಲೇ ಕ್ಯಾಪ್ಟನ್ ಆಗಿರುವವರ ವರ್ಷದ ಪರೀಕ್ಷೆ. ಮುಂದೆ ಇಬ್ಬರು ಅರ್ಹ ಪೈಲಟ್‌ಗಳಿದ್ದಾರೆ, ಕಮಾಂಡರ್ ಎಡಗಡೆಯವನೇ. ಚೆಕ್ ಪೈಲಟ್ ಹಿಂದೆ ಕೂತು ನೋಡುತ್ತಾನೆ, ಬರೆದುಕೊಳ್ಳುತ್ತಾನೆ. ಅವನ ಲಾಗ್‌ಬುಕ್ಕಿಗೆ ಏನೂ ಇಲ್ಲ. ಪಿ-1 ಇಲ್ಲ, ಪಿ-2 ಇಲ್ಲ. ಅದೇ ಸೀಟು, ಅದೇ ಮನುಷ್ಯ. ನಿನ್ನೆ ಗಂಟೆ ಸಿಕ್ಕಿತು, ಇವತ್ತು ಇಲ್ಲ.

ಯುರೋಪಿನವರು ಇದನ್ನು ಸೀಟಿಗೇ ಗಂಟು ಹಾಕಿಬಿಟ್ಟಿದ್ದಾರೆ. ಪರೀಕ್ಷಕನು ಪೈಲಟ್ ಸೀಟಿನಲ್ಲಿ ಕೂತು ಪರೀಕ್ಷೆ ಮಾಡಿದರೆ ಆ ಹೊತ್ತನ್ನು ಕಮಾಂಡ್ ಗಂಟೆ ಅಂತ ಬರೆಯಬಹುದು. ಹಿಂದೆ ಕೂತರೆ ಇಲ್ಲ. ವಾದಕ್ಕೆ ಜಾಗವೇ ಇಲ್ಲ. ನನಗೆ ಇದು ಇಷ್ಟ. ಎಲ್ಲ ಸಂದರ್ಭಕ್ಕೂ ಇದೇ ನ್ಯಾಯ ಅಂತ ಹೇಳಲಾರೆ, ಆದರೆ ರಾತ್ರಿ ಹನ್ನೊಂದಕ್ಕೆ ಇಳಿದು, ಫಾರ್ಮ್ ತುಂಬುತ್ತಾ ಕೂತವನಿಗೆ ಇಷ್ಟು ಸರಳ ನಿಯಮ ಇದ್ದರೆ ಪುಣ್ಯ.

ಗಂಟೆಯ ಬಗ್ಗೆ ಇಷ್ಟು ಹೊತ್ತು ಮಾತಾಡಿದೆ. ಚೆಕ್ ಪೈಲಟ್‌ಗಳಿಗೆ ನಿಜವಾಗಿ ತೊಂದರೆ ಕೊಡುವುದು ಗಂಟೆ ಅಲ್ಲ, ಲ್ಯಾಂಡಿಂಗ್. ಹಿಂದಿನ 90 ದಿನಗಳಲ್ಲಿ ಕನಿಷ್ಠ 3 ಸಲ ಹಾರಿಸಿ 3 ಸಲ ಇಳಿಸಿರಬೇಕು, ಇಲ್ಲದಿದ್ದರೆ ಪ್ರಯಾಣಿಕರನ್ನು ಹೊತ್ತು ಹಾರುವಂತಿಲ್ಲ. ಇದು ಜಗತ್ತಿನ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಪಿ-1 ಅಂತ ನೂರು ಗಂಟೆ ಬರೆದಿದ್ದರೂ ಇಳಿಸಿದ್ದು ನೀವಲ್ಲ ಅಂದರೆ ಲ್ಯಾಂಡಿಂಗ್ ನಿಮ್ಮದಲ್ಲ. ಪರೀಕ್ಷೆಗೆ ಕೂತವನಿಗೆ ಹಾರಿಸಲು, ಇಳಿಸಲು ಅವಕಾಶ ಕೊಡಬೇಕಲ್ಲ. ಬೆಳಗಿನಿಂದ ನಾಲ್ಕು ಸೆಕ್ಟರ್, ಅಂದರೆ ಊರಿಂದೂರಿಗೆ ನಾಲ್ಕು ಸಲ, ಹಾರಿದರೂ ನಾಲ್ಕೂ ಲ್ಯಾಂಡಿಂಗ್ ಅವನ ಪಾಲಿಗೆ. ವಾರಗಟ್ಟಲೆ ಹೀಗೆ ನಡೆದರೆ, ಎಲ್ಲರಿಗೂ ಇಳಿಸುವುದನ್ನು ಕಲಿಸುವವನೇ ಇಳಿಸುವ ಅರ್ಹತೆ ಕಳೆದುಕೊಳ್ಳುವ ಅಂಚಿಗೆ ಬರುತ್ತಾನೆ. ಆಗ ರೋಸ್ಟರ್, ಅಂದರೆ ಡ್ಯೂಟಿ ಪಟ್ಟಿ, ಮಾಡುವವರಿಗೆ ಫೋನ್ ಮಾಡಿ "ನನಗೊಂದು ಮಾಮೂಲಿ ಫ್ಲೈಟ್ ಕೊಡ್ರಪ್ಪಾ" ಅಂತ ಕೇಳಬೇಕು. ಇಲ್ಲವೇ ಸಿಮ್ಯುಲೇಟರ್‌ಗೆ ಹೋಗಿ ಮೂರು ಸಲ ಇಳಿಸಿ ಬರಬೇಕು. ಹೊರಗಿನವರಿಗೆ ಇದು ತಮಾಷೆಯಾಗಿ ಕಾಣಬಹುದು. ನಿಯಮ ಮಾತ್ರ ಸರಿಯಾಗಿಯೇ ಇದೆ. ನೋಡಿ ನೋಡಿ ಕೈ ಪಳಗುವುದಿಲ್ಲ.

ಗಂಟೆಗೆ ಮೇಲಿನ ಮಿತಿಯೂ ಇದೆ ಅನ್ನುವುದನ್ನು ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ನಮ್ಮಲ್ಲಿ 365 ದಿನಕ್ಕೆ 1000 ಗಂಟೆ, ಅದಕ್ಕಿಂತ ಜಾಸ್ತಿ ಹಾರುವಂತಿಲ್ಲ. ದಣಿವಿನ ಲೆಕ್ಕ ಅದು. ಬಲಗಡೆ ಕೂತ ಚೆಕ್ ಪೈಲಟ್‌ಗೆ ಆ ಗಂಟೆ ಈ ಮಿತಿಯೊಳಗೂ ಸೇರುತ್ತದೆ. ಹಿಂದೆ ಕೂತ ದಿನ ಹಾರಾಟದ ಗಂಟೆ ಅಲ್ಲ, ಆದರೆ ಡ್ಯೂಟಿ ಹೌದು, ಆಮೇಲೆ ವಿಶ್ರಾಂತಿ ಕೊಡಲೇಬೇಕು.

ಸುಳ್ಳು ಬರೆದರೆ ಏನಾಗುತ್ತದೆ ಅಂತ ಮುಂದಿನ ಸಾಲಿನಲ್ಲಿ ಕೂತವರೊಬ್ಬರು ಆಗಲೇ ಮೆಲ್ಲಗೆ ಕೇಳಿದರು. ಹಾರದೆ ಬರೆದ ಗಂಟೆಗೆ ಪೈಲಟ್‌ಗಳ ನಡುವೆ "ಪಾರ್ಕರ್ ಪೆನ್ ಗಂಟೆ" ಅನ್ನುವ ಹಳೆಯ ಕುಹಕ ಇದೆ. ಪೆನ್ ಮಾತ್ರ ಹಾರಿದ್ದು ಅಂತ. 2011ರಲ್ಲಿ ನಮ್ಮ ದೇಶದಲ್ಲಿ ನಕಲಿ ಅಂಕಪಟ್ಟಿ, ಸುಳ್ಳು ಗಂಟೆ ತೋರಿಸಿ ಲೈಸೆನ್ಸ್ ಪಡೆದ ಪ್ರಕರಣಗಳು ಹೊರಬಂದು, ಬಂಧನಗಳೂ ಆಗಿ, ದೊಡ್ಡ ಸುದ್ದಿಯಾಗಿತ್ತು. ಏರ್‌ಲೈನ್‌ನಲ್ಲಿ ಇದು ಕಷ್ಟ. ಕದಲಿದ್ದು, ಎದ್ದದ್ದು, ಇಳಿದದ್ದು, ನಿಂತದ್ದು, ಈ ನಾಲ್ಕೂ ಸಮಯವನ್ನು ವಿಮಾನವೇ ಕಂಪನಿಗೆ ಕಳಿಸುವ ವ್ಯವಸ್ಥೆ ಈಗ ಸಾಮಾನ್ಯ. ಪೈಲಟ್ ಬರೆದದ್ದನ್ನು ಅದರ ಜೊತೆ ತಾಳೆ ನೋಡಿದರೆ ಮುಗಿಯಿತು. ಆದರೆ ಯಾರು ಯಾವ ಸೀಟಿನಲ್ಲಿ ಕೂತು ಯಾವ ಹೊಣೆ ಹೊತ್ತಿದ್ದರು ಅನ್ನುವುದು ವಿಮಾನಕ್ಕೆ ಗೊತ್ತಾಗುವುದಿಲ್ಲ. ಅದಕ್ಕೆ ಇವತ್ತಿಗೂ ಕಾಗದ ಮತ್ತು ಸಹಿಯನ್ನೇ ನಂಬಬೇಕು.

ನನ್ನ ಮಾತು ಇಷ್ಟು. ಇನ್ನು ನೀವು ಕೇಳಿ.

(ಇಲ್ಲಿಂದ ಮುಂದೆ ಸಭಿಕರ ಪ್ರಶ್ನೆಗಳು.)

"ಸರ್, ಎಡಗಡೆಯವನು ತಪ್ಪು ಮಾಡಿ, ಚೆಕ್ ಪೈಲಟ್ ಕಂಟ್ರೋಲ್ ತೆಗೆದುಕೊಂಡುಬಿಟ್ಟರೆ ಗಂಟೆ ಏನಾಗುತ್ತದೆ?" ಅಂತ ಒಬ್ಬ ವಿದ್ಯಾರ್ಥಿ ಕೇಳಿದ.

ಗಂಟೆ ಎಲ್ಲೂ ಹೋಗುವುದಿಲ್ಲ ಕಣಪ್ಪಾ, ಕಾಲಂ ಬದಲಾಗುತ್ತದೆ. ಮೇಲ್ವಿಚಾರಣೆಯ ಕಮಾಂಡ್ ಅಂದರೆ ಇಡೀ ಹಾರಾಟವನ್ನು ಅವನೇ ನಿಭಾಯಿಸಿರಬೇಕು. ಸುರಕ್ಷತೆಗಾಗಿ ಪಕ್ಕದವನು ಕೈ ಹಾಕಬೇಕಾಗಿ ಬಂತು ಅಂದರೆ ಅದಕ್ಕೆ ಸಹಿ ಸಿಗುವುದಿಲ್ಲ. ಕೋ-ಪೈಲಟ್ ಗಂಟೆಯಾಗಿಯೋ ಕಲಿಕೆಯ ಗಂಟೆಯಾಗಿಯೋ ಉಳಿಯುತ್ತದೆ. ಚೆಕ್ ಪೈಲಟ್‌ನ ಪಿ-1ಗೆ ಏನೂ ವ್ಯತ್ಯಾಸ ಇಲ್ಲ.

"ಪರೀಕ್ಷೆಯಲ್ಲಿ ಫೇಲಾದರೆ?" ಅಂತ ಅವನದೇ ಮರುಪ್ರಶ್ನೆ.

ಬ್ರಿಟನ್ನಿನಲ್ಲಿ ಇದಕ್ಕೊಂದು ಪದ್ಧತಿ ಬೆಳೆದುಬಂದಿದೆ. ಪರೀಕ್ಷಕನ ಜೊತೆ ಹಾರಿ ಪಾಸಾದರೆ ಆ ಗಂಟೆಯನ್ನು ಮೇಲ್ವಿಚಾರಣೆಯ ಕಮಾಂಡ್ ಅಂತ ಬರೆಯಬಹುದು. ಫೇಲಾದರೆ ಅದೇ ಗಂಟೆ ಡ್ಯುಯಲ್, ಅಂದರೆ ಪಾಠ ಹೇಳಿಸಿಕೊಂಡ ಗಂಟೆ. ಇಳಿದು, ಫಲಿತಾಂಶ ಕೇಳಿದ ಮೇಲೆಯೇ ಯಾವ ಕಾಲಂ ಅಂತ ಗೊತ್ತಾಗುವುದು. ಪರೀಕ್ಷಕನಿಗೆ ಎರಡರಲ್ಲೂ ಕಮಾಂಡ್ ಗಂಟೆಯೇ.

ಸಾಗರದಿಂದ ಬಂದಿದ್ದ ತಾಯಿಯೊಬ್ಬರು, "ನನ್ನ ಮಗಳು ಫ್ಲೈಯಿಂಗ್ ಸ್ಕೂಲಿಗೆ ಸೇರಿದ್ದಾಳೆ. ಲಾಗ್‌ಬುಕ್ ವಿಷಯದಲ್ಲಿ ಅವಳಿಗೆ ಏನು ಹೇಳಲಿ?" ಅಂತ ಕೇಳಿದರು.

ಹಾರಿದ ದಿನವೇ ಬರೆಯಲಿಕ್ಕೆ ಹೇಳಿ ಅಮ್ಮಾ. ಗುರುಗಳ ಸಹಿ ಆಗಾಗಲೇ ಹಾಕಿಸಿಕೊಳ್ಳಲಿ. ಗುರುಗಳು ಬೇರೆ ಕೆಲಸ ಹಿಡಿದು ಇನ್ನೊಂದೂರಿಗೆ ಹೋದ ಮೇಲೆ ಹಳೆಯ ಸಹಿಗಾಗಿ ಮಕ್ಕಳು ಪಡುವ ಪಾಡು ನಾನು ಕಂಡಿದ್ದೇನೆ. ಬಲಗಡೆ ಕೂತವರು ಇವತ್ತು ಕಲಿಸಲು ಬಂದಿದ್ದಾರೋ, ಪರೀಕ್ಷೆ ಮಾಡಲು ಬಂದಿದ್ದಾರೋ, ಕಮಾಂಡರ್ ಯಾರು ಅಂತ ಇಂಜಿನ್ ಶುರುವಾಗುವ ಮುಂಚೆಯೇ ಕೇಳಿ ತಿಳಿದುಕೊಳ್ಳಲಿ. ಹಾಗೆ ಕೇಳಿದರೆ ಯಾರೂ ಬೈಯುವುದಿಲ್ಲ.

ಕೊನೆಗೆ ಹಿರಿಯರೊಬ್ಬರು ಎದ್ದು ನಿಂತರು. "ಅಲ್ಲಾ ಸ್ವಾಮಿ, ಚೆಕ್ ಪೈಲಟ್‌ನ ಚೆಕ್ ಮಾಡುವವರು ಯಾರು? ಅವರಿಗೂ ಗಂಟೆ ಉಂಟಾ?"

ಇದ್ದಾರೆ. ವಿಮಾನಯಾನದ ಮೇಲೆ ಕಣ್ಣಿಡುವ ಸರ್ಕಾರಿ ಇಲಾಖೆ ಡಿಜಿಸಿಎಯ ಇನ್‌ಸ್ಪೆಕ್ಟರ್‌ಗಳು. ಚೆಕ್ ಪೈಲಟ್ ಹೇಗೆ ಪರೀಕ್ಷೆ ಮಾಡುತ್ತಾನೆ ಅಂತ ಪರೀಕ್ಷಿಸುವುದೂ ಅವರ ಕೆಲಸವೇ. ಅಮೆರಿಕದಲ್ಲಿ 24 ತಿಂಗಳಿಗೊಮ್ಮೆ ಚೆಕ್ ಪೈಲಟ್ ಹೀಗೆ ಇನ್ನೊಬ್ಬರ ಕಣ್ಣೆದುರು ಪರೀಕ್ಷೆ ನಡೆಸಿ ತೋರಿಸಬೇಕು. ಹಿಂದೆ ಕೂತು ನೋಡುವ ಇನ್‌ಸ್ಪೆಕ್ಟರ್‌ಗೆ ಗಂಟೆ ಇಲ್ಲ. ಸೋಗಾನೆಗೆ ಬರುವ ಎಟಿಆರ್ ಅನ್ನುವ ಮಾದರಿಯ ಸಣ್ಣ ವಿಮಾನದ ಕಾಕ್‌ಪಿಟ್‌ನಲ್ಲಿ ಹಿಂದಿನ ಸೀಟು ಇರುವುದು ಒಂದೇ. ಇನ್‌ಸ್ಪೆಕ್ಟರ್ ಬಂದು ಅದರಲ್ಲಿ ಕೂತರು ಅಂದರೆ ಚೆಕ್ ಪೈಲಟ್ ಮುಂದಿನ ಸೀಟಿಗೆ ಹೋಗಲೇಬೇಕು. ಅವತ್ತು ಅವನಿಗೆ ಗಂಟೆ ಗ್ಯಾರಂಟಿ.